ಚಿಕ್ಕತಾಯಮ್ಮನ ಓಟು

ಮತದಾನದ ಹಿಂದಿನ ದಿನ ಮೈಸೂರಿನ ಬಸ್ ನಿಲ್ದಾಣ ಬಣಗುಡುತ್ತಿತ್ತು. ಅರ್ಧದಷ್ಟು ಬಸ್ಸುಗಳು ಚುನಾವಣೆ ಕೆಲಸಕ್ಕೆ ಹೋಗಿದ್ದವು. ಎಚ್.ಡಿ. ಕೋಟೆಗೆ ನೇರ ಬಸ್ಸಿಗಾಗಿ ಕಾದು ಕಾದು ಸಾಕಾಗಿ, ಸುತ್ತಾದರೂ ಆಗಲಿ ಎಂದು ಹುಣಸೂರಿನ ಬಸ್ಸು ಹತ್ತಿದೆ. ಕಂಡಕ್ಟರು ಚಿಲ್ಲರೆ ಇಲ್ಲವೆಂದು ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟ.

ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳುತ್ತ ಬಂದಿದ್ದರೂ ನಾನು ಹಳ್ಳಿಯ ಮತಗಟ್ಟೆಯನ್ನು ಕಂಡವಳಲ್ಲ. ಹೊಸದಾಗಿ ವರ್ಗವಾಗಿ ಬಂದಿದ್ದರಿಂದ ನನ್ನ ಹೆಸರು ಮೈಸೂರಿನ ಮತದಾರರ ಪಟ್ಟಿಗೆ ಇನ್ನೂ ಸೇರಿರಲಿಲ್ಲ. ಬೀಚನಹಳ್ಳಿಯ ಆಚೆಗೆ ಮದುವೆಯಾಗಿ ಹೋಗಿ, ಈಗ ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದ ನನ್ನ ಹಳೆಯ ವಿದ್ಯಾರ್ಥಿನಿ ರತ್ನಮ್ಮ "ಬನ್ನಿ ಮೇಡಂ, ನಮ್ಮೂರ ಎಲೆಕ್ಷನ್ನು ನೋಡೀರಂತೆ" ಎಂದು ಕರೆದಿದ್ದಳು.

ಹುಣಸೂರಿನಲ್ಲಿ ಇಳಿದು ಕೋಟೆಯ ಬಸ್ಸು ಹಿಡಿದ ಮೇಲೆ ರಸ್ತೆಯ ಎರಡೂ ಕಡೆ ಹೊಗೆಸೊಪ್ಪಿನ ಸಸಿಮಡಿಗಳು. ಪಕ್ಕದಲ್ಲಿ ಕುಳಿತಿದ್ದ ರಾವಂದೂರಿನ ಯಜಮಾನರು ಮಗಳ ಮನೆಗೆ ಹೊರಟವರು. ಓಟಿನ ಮಾತು ತೆಗೆದೆ. "ನಮ್ಮಪ್ಪ ಕಂಡೋರ ಜಮೀನ ಗೇಣಿಗೆ ಮಾಡ್ತಿದ್ರು ಕಣವ್ವ. ಉಳೋನ್ಗೇ ಭೂಮಿ ಅಂತ ಕಾನೂನು ಬಂತು, ಜಮೀನು ನಮ್ದಾಯ್ತು. ಅವತ್ತಿಂದ ಅವ್ರು ಸಾಯೋಗಂಟ ಒಂದೇ ಗುರುತಿಗೆ ಓಟಾಕುದ್ರು. ನಂಗೆ ಅಂಗಿಲ್ಲ, ಸೊಪ್ಪಿಗೆ ರೇಟು ಕೊಡ್ಸೋರು ಯಾರು ಅಂತ ನೋಡ್ತೀನಿ. ನನ್ ಮಗ ಜಾತಿ ನೋಡ್ತಾನೆ," ಎಂದು ನಕ್ಕರು. ಆ ಸೀಮೆಯ ಮೂರು ತಲೆಮಾರಿನ ರಾಜಕೀಯವನ್ನು ಕೋಟೆ ಬರುವುದರೊಳಗೆ ಹೇಳಿ ಮುಗಿಸಿದ್ದರು.

ರತ್ನಮ್ಮನ ಊರು, ಕಬಿನಿ ಅಣೆಕಟ್ಟೆಗೆ ಹೊಲಮನೆ ಬಿಟ್ಟುಕೊಟ್ಟವರಿಗೆಂದು ಕಟ್ಟಿದ್ದು. ನಾನು ಹೋದಾಗ ಶಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿತ್ತು: 'ನಾಲೆ ಇಲ್ಲ, ಓಟಿಲ್ಲ'. ಅಣೆಕಟ್ಟೆಯ ನೀರು ನಂಜನಗೂಡಿನ ಕಡೆಯ ಗದ್ದೆಗಳಿಗೆ ಹೋಗುತ್ತದೆ, ಊರು ಕಳೆದುಕೊಂಡವರ ಹೊಲಕ್ಕೆ ಬರುವುದಿಲ್ಲ. ಹಾಗಾಗಿ, ರತ್ನಮ್ಮ ನನ್ನನ್ನು ಕರೆದ ಮೇಲೆ ಸೇರಿದ ಊರ ಸಭೆಯಲ್ಲಿ, ಈ ಸಲ ಯಾರೂ ಓಟು ಹಾಕಬಾರದೆಂದು ತೀರ್ಮಾನವಾಗಿತ್ತು. ಮುಂದೆ ನಿಂತು ತೀರ್ಮಾನ ಮಾಡಿಸಿದವನು ರತ್ನಮ್ಮನ ಗಂಡ ಮಾದೇವ. ಅವಳೂ ಒಪ್ಪಿ ಕೈ ಎತ್ತಿದ್ದಳಂತೆ.

ಬೆಳಗ್ಗೆ ಮಾದೇವನ ತಾಯಿ ಚಿಕ್ಕತಾಯಮ್ಮ ಮಿಂದು, ಮಡಿಸಿಟ್ಟಿದ್ದ ಸೀರೆ ಉಟ್ಟು ಹೊರಟು ನಿಂತರು.

"ಎಲ್ಗವ್ವಾ?" ಎಂದ ಮಾದೇವ.

"ಇಸ್ಕೂಲ್ತಾವ್ಕೆ. ಓಟಾಕಕ್ಕೆ."

"ಊರೆಲ್ಲ ಬ್ಯಾಡ ಅಂತ ಮಾತಾಡಿಲ್ವಾ?"

"ಊರು ಅಂದ್ರೆ ನಾನಿಲ್ವಾ? ಊರು ಮುಳುಗ್ಸುವಾಗ್ಲೂ ನನ್ನ ಯಾರೂ ಕೇಳ್ನಿಲ್ಲ. ಈಗ್ಲೂ ಕೇಳ್ನಿಲ್ಲ. ಯಾರಾದ್ರೂ ನನ್ನ ಒಂದು ಮಾತು ಕೇಳೋದು ಅಂದ್ರೆ ಇದೊಂದೇಯ. ಅದ ಬುಡಾಕಿಲ್ಲ ಕಣ್ಲಾ."

ಮಾದೇವ ಟವೆಲು ಹೆಗಲಿಗೆ ಹಾಕಿಕೊಂಡು ಟೀ ಅಂಗಡಿಯ ಕಡೆ ಹೋದ. ಮುದುಕಿಗೆ ದೂರದ್ದು ಸರಿಯಾಗಿ ಕಾಣದು, ಬೀದಿಯಲ್ಲಿ ಒಬ್ಬರೇ ನಡೆಯಲಾರರು. ರತ್ನಮ್ಮ ಕೈ ಹಿಡಿದಳು, ನಾನೂ ಜೊತೆಗೆ ಹೊರಟೆ. ಬಾಗಿಲುಗಳಲ್ಲಿ ನಿಂತ ಹೆಂಗಸರು ನಮ್ಮನ್ನೇ ನೋಡುತ್ತಿದ್ದರು.

ಶಾಲೆಯಲ್ಲಿ ಚುನಾವಣೆ ಸಿಬ್ಬಂದಿ ಸುಮ್ಮನೆ ಕುಳಿತಿದ್ದರು. ಒಬ್ಬ ಪೊಲೀಸಿನವನು ನೆರಳಿನಲ್ಲಿ ತೂಕಡಿಸುತ್ತಿದ್ದ. ಚಿಕ್ಕತಾಯಮ್ಮ ಒಳಗೆ ಹೋದರು. ರತ್ನಮ್ಮ ಗೇಟಿನ ಹೊರಗೇ ನಿಂತಳು.

"ನೀನು?" ಎಂದೆ.

"ನಾನು ಕೈ ಎತ್ತಿದೀನಿ ಮೇಡಂ. ಅತ್ತೆ ಎತ್ತಿರಲಿಲ್ಲ. ಅವರು ಹಾಕಲಿ," ಎಂದಳು.

ಆ ಊರಿಗೆ ಮತಯಂತ್ರ ಬಂದದ್ದು ಅದೇ ಮೊದಲು. ಮುದುಕಿ ಬೆರಳಿನ ಮಸಿ ತೋರಿಸುತ್ತ ಹೊರಬಂದು, "ಒತ್ತಿದ್ ತಕ್ಷಣ ಕುಂಯ್ ಅಂತು ಕಣ ಮಗ" ಎಂದು ಹುಡುಗಿಯಂತೆ ನಕ್ಕರು.

ವಾಪಸು ಬರುವಾಗ ಟೀ ಅಂಗಡಿಯ ಮುಂದೆ ಗಂಡಸರ ಗುಂಪು. ಮಾದೇವ ತಲೆ ತಗ್ಗಿಸಿ ಕುಳಿತಿದ್ದ. ಗುಂಪಿನಲ್ಲಿ ಒಬ್ಬ, "ಆಕ್ಲಿ ಬುಡ್ಲಾ. ಇಡೀ ಬೂತ್ಗೆ ಒಂದೇ ಓಟು. ಎಣಿಕೆ ದಿನ ಗೊತ್ತಾಯ್ತದೆ, ಅಜ್ಜಿ ಯಾರ್ ಕಡೆ ಅಂತ!" ಎಂದ. ಎಲ್ಲರೂ ನಕ್ಕರು.

ಚಿಕ್ಕತಾಯಮ್ಮ ನಿಂತುಬಿಟ್ಟರು. ನನ್ನ ಕಡೆ ತಿರುಗಿ, "ಗೊತ್ತಾಗ್ಬುಡ್ತದಾ ಮಗ?" ಎಂದರು.

ಸುಳ್ಳು ಹೇಳಲಾಗಲಿಲ್ಲ. ಹಿಂದೆ ಹಲವು ಮತಗಟ್ಟೆಗಳ ಚೀಟಿ ಬೆರೆಸಿ ಎಣಿಸುತ್ತಿದ್ದುದುಂಟು. ಈಗ ಪ್ರತಿ ಮತಗಟ್ಟೆಯ ಯಂತ್ರದ ಲೆಕ್ಕವೂ ಬೇರೆ ಬೇರೆ. "ಒಂದೇ ಓಟಾದರೆ ಗೊತ್ತಾಗುತ್ತೆ ಅಮ್ಮ" ಎಂದೆ. ಅವರ ಮುಖದ ಬೆಳಕೆಲ್ಲ ಆರಿಹೋಯಿತು. ಸೆರಗಿನೊಳಗೆ ಮಸಿ ಹಚ್ಚಿದ ಬೆರಳನ್ನು ಮುಚ್ಚಿಕೊಂಡು ಮನೆಯ ಕಡೆ ಹೆಜ್ಜೆ ಹಾಕಿದರು. ಜಗಲಿಯ ಮೇಲೆ ಕುಳಿತರು, ರತ್ನಮ್ಮ ರಾಗಿಮುದ್ದೆ, ಹುರುಳಿಸಾರು ಬಡಿಸಿದರೂ ಮುಟ್ಟಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮಾದೇವ ಮನೆಗೆ ಬಂದ. ತಾಯಿಯನ್ನೂ ಮುಚ್ಚಿಟ್ಟಿದ್ದ ತಟ್ಟೆಯನ್ನೂ ನೋಡಿದ. ಅಂಗಿ ತೊಟ್ಟು ಹೊರಗೆ ನಡೆದ. ನಾನೂ ರತ್ನಮ್ಮನೂ ಹಿಂದೆಯೇ ಹೋದೆವು.

"ಎತ್ಲಾಗ್ಲಾ ಮಾದೇವ?" ಎಂದರು ಟೀ ಅಂಗಡಿಯಲ್ಲಿದ್ದವರು.

"ಓಟಾಕಕ್ಕೆ."

"ಬ್ಯಾಡ ಅಂದೋನು ನೀನೇ ಅಲ್ವೇನ್ಲಾ?"

"ಅಂದಿದ್ದೆ. ನಾಲೆ ಬರೋಗಂಟ ಜಗಳಾನೂ ಬುಡಾಕಿಲ್ಲ. ಆದ್ರೆ ನಮ್ಮವ್ವನ ಮನಸ್ನಲ್ಲಿರೋದು ಬೀದೀಲಿ ಬೀಳೋದು ಬ್ಯಾಡ. ಉಗಿಯೋರು ಉಗೀರಿ."

ಯಾರೂ ನಗಲಿಲ್ಲ. ಅವನು ಶಾಲೆಯ ಗೇಟು ದಾಟಿದ. ರತ್ನಮ್ಮ ಒಂದು ಕ್ಷಣ ನಿಂತು, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಎದುರುಮನೆಯ ಹೆಂಗಸು ಸೊಸೆಯನ್ನು ಕರೆದುಕೊಂಡು ಬಂದಳು. "ಚಿಕ್ಕತಾಯಕ್ಕ ಒಬ್ಳೇ ಆಗ್ಬಾರ್ದು ಕಣವ್ವ" ಎಂದು ನನಗೆ ಹೇಳಿ ಸಾಲಿನಲ್ಲಿ ನಿಂತಳು. ಅವಳ ಹಿಂದೆ ಇನ್ನೂ ಕೆಲವರು ಬಂದರು, ಗಂಡಸರೂ ಇದ್ದರು. ಪೊಲೀಸಿನವನು ಎದ್ದು ಟೋಪಿ ಹಾಕಿಕೊಂಡ. ಕೊನೆಯವರೆಗೂ ಬಾರದವರೇ ಹೆಚ್ಚು, ನಿಜ. ಆದರೆ ಬಂದಷ್ಟು ಜನ ಆ ಒಂದು ಓಟನ್ನು ಮರೆಮಾಡಲು ಸಾಕಾಗಿತ್ತು.

ಮಾರನೆಯ ಬೆಳಗ್ಗೆ ನನ್ನನ್ನು ಬಸ್ಸಿಗೆ ಹತ್ತಿಸಲು ತಾಯಿ ಮಗ ಇಬ್ಬರೂ ಬಂದರು. ಟೀ ಅಂಗಡಿಯಲ್ಲಿದ್ದ ಕೆಲವರು ಮಾದೇವನನ್ನು ಮಾತಾಡಿಸಲಿಲ್ಲ. ಅವನೂ ಅತ್ತ ನೋಡಲಿಲ್ಲ. ದೂರದಲ್ಲಿ ಬೇಸಿಗೆಗೆ ಇಳಿದ ಹಿನ್ನೀರು, ಅದರಂಚಿನಲ್ಲಿ ಒಣಗಿದ ಕೆಸರಿನ ಪಟ್ಟೆ. ಬಸ್ಸು ಕಂಡಾಗ ಮಾದೇವ ಮೆಲ್ಲಗೆ ಕೇಳಿದ:

"ಯಾರ್ಗಾಕ್ದೆ ಅವ್ವ? ನಂಗಾದ್ರೂ ಏಳು."

"ನೀನ್ ಯಾರ್ಗಾಕ್ದೆ, ಅದ ಏಳು ಮೊದ್ಲು."

ಮಾದೇವ ನನ್ನ ಮುಖ ನೋಡಿದ, ನನ್ನ ಚೀಲ ಎತ್ತಿ ಬಸ್ಸಿನೊಳಗಿಟ್ಟ. ಬಸ್ಸು ಹೊರಟಿತು. ಹಿಂದಿನ ಗಾಜಿನಿಂದ ನೋಡಿದೆ. ಇಬ್ಬರೂ ಕೈ ಹಿಡಿದುಕೊಂಡು ಮನೆಯ ದಾರಿ ಹಿಡಿದಿದ್ದರು. ಮುದುಕಿ ಏನೋ ಹೇಳುತ್ತಿದ್ದರು. ಮಾದೇವ ಬಗ್ಗಿ ಕಿವಿಗೊಟ್ಟು, ಅವರ ನಡಿಗೆಗೆ ತಕ್ಕಂತೆ ಹೆಜ್ಜೆ ಇಡುತ್ತಿದ್ದ.