ಪೆಟ್ಟು ಮುಟ್ಟದ ಕನ್ನಡಿಗಳು

ನಾನು ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಗೋಡೆಯಾಚೆ ಕೆಮ್ಮು ಕೇಳಿಸಿದರೆ ಯಾರಿಗೋ ನೆಗಡಿಯಾಗಿದೆ ಎಂದಷ್ಟೇ ತಿಳಿಯುತ್ತೇನೆ. ಯಾರಾದರೂ ದೆವ್ವ, ಪವಾಡ ಎಂದು ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಈಗ ಇದನ್ನು ಓದುತ್ತಾ ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ತಾಳವಾಡಿಯ ತಿಗನಾರೆ ಬಳಿ, ಬಂಡೆಯ ಮೇಲೆ ಕಟ್ಟಿದ ಒಂದು ಹಳೆಯ ಕಲ್ಲಿನ ಉಗ್ರಾಣದಲ್ಲಿ ಕೆಲಸ ಮಾಡುತ್ತಿದ್ದೆ. ಎಲ್ಲೋ ದೂರದಲ್ಲಿ ಎರಡು ಭಾರಿ ನಕ್ಷತ್ರಗಳು ಡಿಕ್ಕಿ ಹೊಡೆದರೆ ಗುರುತ್ವದ ಅಲೆಯೊಂದು ಎದ್ದು ನಮ್ಮನ್ನೂ ದಾಟಿ ಹೋಗುತ್ತದೆ. ಅದನ್ನು ಹಿಡಿಯುವ ದೊಡ್ಡ ಯಂತ್ರಗಳಲ್ಲಿ ತೂಗುಬಿಟ್ಟ ಕನ್ನಡಿಗಳು ನೆಲದ ನಡುಕಕ್ಕೆ ಅಲುಗಬಾರದು. ನಮ್ಮದು ಅಂಥ ಯಂತ್ರದ ಪುಟ್ಟ ಮಾದರಿ. ಒಂದು ಲೇಸರ್ ಕಿರಣವನ್ನು ಎರಡಾಗಿ ಸೀಳಿ, ಎರಡು ಕನ್ನಡಿಗಳಿಗೆ ತಾಗಿಸಿ, ಮತ್ತೆ ಕೂಡಿಸುತ್ತಿದ್ದೆವು. ಎಲ್ಲ ಸರಿಯಿದ್ದರೆ ಎರಡು ಕಿರಣಗಳೂ ಒಂದನ್ನೊಂದು ಅಳಿಸಿ ಪರದೆ ಕಪ್ಪಾಗುತ್ತದೆ. ಕನ್ನಡಿ ಒಂದಿಷ್ಟು ಅಲುಗಿದರೂ ಅಲ್ಲಿ ಬೆಳಕು ಕುಣಿಯುತ್ತದೆ.

ನಮ್ಮಲ್ಲಿ ಅದು ಸದಾ ಕುಣಿಯುತ್ತಲೇ ಇತ್ತು. ದನ ನಡೆದರೆ, ಟ್ರ್ಯಾಕ್ಟರ್ ಬಂದರೆ, ಗಾಳಿ ಬೀಸಿದರೆ ಕುಣಿತ. ಆ ತಿಂಗಳಲ್ಲಿ ನಿಲ್ಲದಿದ್ದರೆ ಎಲ್ಲ ಬಿಚ್ಚಿ ತನ್ನಿ ಎಂದು ತಂಡದ ಹಿರಿಯರು ಹೇಳಿಬಿಟ್ಟಿದ್ದರು. ಬಿಚ್ಚುವ ಮನಸ್ಸು ನನಗಿರಲಿಲ್ಲ. ಜೊತೆಗಿದ್ದ ನಂಜುಂಡ ಗೆಟ್ಟವಾಡಿಯವನು, ಯಂತ್ರ ಜೋಡಿಸುವುದರಲ್ಲಿ ನನಗಿಂತ ಹಟಮಾರಿ.

ಒಂದು ಸಂಜೆ ಪಕ್ಕದ ಹೊಲದ ಪುಟ್ಟಮ್ಮ ಹಂದಿ ನುಗ್ಗದಂತೆ ಬೇಲಿಗೆ ಗೂಟ ಹೊಡೆಯಲು ಶುರುಮಾಡಿದರು. ಉಗ್ರಾಣವೂ ಅವರದೇ. ಸ್ವಲ್ಪ ಹೊತ್ತು ನಿಲ್ಲಿಸಿ ಎಂದು ಹೋಗಿ ಕೇಳಿದೆ.

"ನಾ ನಿಲ್ಸುದ್ರ ಅಂದಿ ನಿಲ್ತವಾ? ರಾಗಿ ತೆನೆ ಕಟ್ಟದ ಕಣವ್ವ," ಎಂದು ಅವರು ಸುತ್ತಿಗೆ ಎತ್ತಿದರು.

ಅವರ ಮಾತು ನ್ಯಾಯವೇ. ಒಳಗೆ ಬಂದು ಪರದೆ ನೋಡಿದೆ. ಕಪ್ಪು. ಅಲುಗಾಟವೇ ಇಲ್ಲ. ಹೊರಗೆ ಧಬ್ ಎಂದು ಪೆಟ್ಟು ಬಿತ್ತು. ಅಂಗಾಲಿಗೆ ಅದು ತಟ್ಟಿತು, ಪರದೆಗೆ ತಟ್ಟಲಿಲ್ಲ. ಮತ್ತೊಂದು ಪೆಟ್ಟು, ಮಗದೊಂದು. ಲೇಸರ್ ಆರಿರಬೇಕೆಂದು ಒಂದು ಕಿರಣಕ್ಕೆ ಅಂಗೈ ಅಡ್ಡ ಹಿಡಿದೆ. ಅಳಿಸುವ ಜೊತೆಕಿರಣ ತಪ್ಪಿದ್ದರಿಂದ ಪರದೆ ಕೂಡಲೇ ಬೆಳಗಿತು. ಯಂತ್ರಕ್ಕೆ ಜೀವವಿತ್ತು. ಕೈ ತೆಗೆದೆ, ಮತ್ತೆ ಕಪ್ಪು. ನಂಜುಂಡ ನೆಲಕ್ಕೆ ಜೋರಾಗಿ ಕಾಲು ಬಡಿದ. ಕೊನೆಗೆ ನಾನು, ಕನ್ನಡಿಗಳನ್ನು ಹೊತ್ತ, ಉಸಿರು ತಾಕಿದರೂ ನಡುಗುವ ಮೇಜನ್ನೇ ಗುದ್ದಿದೆ. ಏನೂ ಆಗಲಿಲ್ಲ.

ಎಷ್ಟು ಹೊತ್ತು ಹಾಗಿತ್ತೋ ಹೇಳಲಾರೆ. ಪೆಟ್ಟುಗಳು ಬೀಳುತ್ತಿದ್ದಂತೆಯೇ, ನಾವಿಬ್ಬರೂ ಏನನ್ನೂ ಮುಟ್ಟದಿರುವಾಗ, ಬೆಳಕು ತಟ್ಟನೆ ಕುಣಿಯತೊಡಗಿತು.

"ಇದ್ನೇ ಕಳಿಸ್ಬುಡವ ಮೇಡಂ. ಇಷ್ಟು ನಿಂತದ್ದ ನೋಡುದ್ರ ಯಾರೂ ಬಿಚ್ಚಿ ಅನ್ನಲ್ಲ," ಎಂದ ನಂಜುಂಡ.

ಆಸೆ ನನಗೂ ಆಯಿತು. ಆದರೆ ಪೆಟ್ಟು ಬಿದ್ದದ್ದೇ ತಿಳಿಯದ ಯಂತ್ರಕ್ಕೆ ಅಲೆ ಬಂದದ್ದು ತಿಳಿಯುತ್ತದೆಯೇ? ಇದು ಸ್ಥಿರತೆಯಲ್ಲ, ಕಿವುಡು ಎಂದೆ. ಆ ಸಂಜೆಯ ಅಳತೆಯನ್ನು ಹಿರಿಯರಿಗೆ ಕಳಿಸಲಿಲ್ಲ. ಅವನು ಎರಡು ದಿನ ನನ್ನೊಡನೆ ಮಾತು ಬಿಟ್ಟ, ಕೆಲಸ ಬಿಡಲಿಲ್ಲ.

ಒಂದೊಂದು ತಿರುಪನ್ನೂ ಬಿಚ್ಚಿ ಪರೀಕ್ಷಿಸಿದೆವು. ದೋಷ ಸಿಗಲಿಲ್ಲ. ಮತ್ತೆ ಜೋಡಿಸಿ, ಅದೇ ಗೂಟಕ್ಕೆ ಹೊಡೆಯಿರೆಂದು ಪುಟ್ಟಮ್ಮನನ್ನು ಬೇಡಿಕೊಂಡೆ. ಪ್ರತಿ ಪೆಟ್ಟಿಗೂ ಬೆಳಕು ಕುಣಿಯಿತು. ಮೊದಲ ದಿನ ಹೀಗಾಗಲಿಲ್ಲ ಎಂದಾಗ ಅವರಿಗೆ ಸಿಟ್ಟೇ ಬಂತು.

"ಅಂಗಾದ್ರ ಅವತ್ತು ನಾ ಒಡ್ದದ್ದು ಸುಳ್ಳಾ?" ಎಂದು ಬೊಬ್ಬೆ ಎದ್ದ ಅಂಗೈ ಚಾಚಿದರು.

ತೂಗುತಂತಿಗಳನ್ನು ಬದಲಿಸಿ, ಕೆಳಗೆ ಇನ್ನೊಂದು ಪದರ ಸ್ಪ್ರಿಂಗ್ ಕೊಟ್ಟು, ತಿಂಗಳ ಕೊನೆಗೆ ಕುಣಿತವನ್ನು ಅರ್ಧಕ್ಕೆ ಇಳಿಸಿದೆವು. ಹಿರಿಯರು ಒಲ್ಲದ ಮನಸ್ಸಿನಿಂದಲೇ ಮುಂದುವರಿಸಿ ಎಂದರು. ಈಗ ಆ ಕನ್ನಡಿಗಳು ಅಂದಿಗಿಂತ ಎಷ್ಟೋ ಗಟ್ಟಿಯಾಗಿ ನಿಲ್ಲುತ್ತವೆ. ಆದರೂ ಮೇಜು ಗುದ್ದಿದರೆ ನಡುಗುತ್ತವೆ. ನಡುಗಲೇಬೇಕು, ಅವು ನಿಂತಿರುವುದು ನೆಲದ ಮೇಲೆ. ಆ ಸಂಜೆ ಅಷ್ಟು ಹೊತ್ತು ಅವು ಯಾವುದರ ಮೇಲೆ ನಿಂತಿದ್ದವು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.