ತೆಲುಗಿನಲ್ಲಿ ಎಣಿಸುವ ಪೇಪರ್ ಮೇಷ್ಟ್ರು

ಇವತ್ತು ಬೆಳಿಗ್ಗೆ ಕುಕ್ಕರಿಗೆ ಹೊಸ ರಬ್ಬರು ಹಾಕಲು ಹೋಗಿ ಸೋತೆ. ನೋಡುವುದಕ್ಕೆ ಹಳೆಯದರ ಹಾಗೇ ಇದೆ, ಆದರೆ ಕೂರುವುದಿಲ್ಲ. ಸೀಟಿಯೂ ಇಲ್ಲ, ಬೇಳೆಯೂ ಬೇಯಲಿಲ್ಲ. ಈ ಅವಸ್ಥೆ ನೀವೂ ಪಟ್ಟಿರುತ್ತೀರಿ. ನನಗೆ ಮಾತ್ರ ಹೋದ ವರ್ಷ ದೊಡ್ಡಮ್ಮನ ಕಂಪ್ಯೂಟರ್ ಮೂಕವಾದದ್ದು ನೆನಪಾಯಿತು.

ದೊಡ್ಡಮ್ಮ ಶಿರಾದವರು. ಮಧುಗಿರಿಯ ನಮ್ಮ ಮನೆಗೆ ಬಂದ ಮೇಲೆ ಕಣ್ಣು ಕಾಣದಾಯಿತು. ಪೇಪರ್ ಇಲ್ಲದೆ ಅವರಿಗೆ ಕಾಫಿ ಇಳಿಯದು. ಅದಕ್ಕೆಂದೇ ನನ್ನ ಗೆಳೆಯ ತಿಪ್ಪೇಸ್ವಾಮಿ, ಪಾವಗಡದ ಗಣಿತದ ಮೇಷ್ಟ್ರು, ತನ್ನದೇ ದನಿಯಲ್ಲಿ ಪೇಪರ್ ಓದುವ ಪ್ರೋಗ್ರಾಮ್ ಮಾಡಿಕೊಟ್ಟಿದ್ದ. ಹೆಚ್ಚಿನ ಭಾಗ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ದನಿ ಜೋಡಿಸುವ ಭಾಗವನ್ನು ಮಾತ್ರ, ಬೇಗ ಓಡಲೆಂದು, ಸಿ ಭಾಷೆಯಲ್ಲಿ ಬರೆದು, ಯಂತ್ರಕ್ಕೆ ನೇರ ತಿಳಿಯುವ ರೂಪಕ್ಕೆ ಕಂಪೈಲ್ ಮಾಡಿ ಸೇರಿಸಿದ್ದ.

ತಿಪ್ಪೇಸ್ವಾಮಿ ಪಾಠ ಮಾಡುವುದು ಕನ್ನಡದಲ್ಲಿ, ಮನಸ್ಸಿನ ಲೆಕ್ಕವೆಲ್ಲ ಮನೆಯ ತೆಲುಗಿನಲ್ಲಿ. ಅಂಕಿಗಳನ್ನು ರೆಕಾರ್ಡ್ ಮಾಡುವಾಗ ಬಾಯಿ ತಾನಾಗಿ ಅತ್ತ ಹೊರಳಿತ್ತು. ಹಾಗಾಗಿ ನಮ್ಮ ಮನೆಯ ಪೇಪರಿನಲ್ಲಿ ಟೊಮೆಟೊ ಕೆಜಿಗೆ ಇರವೈ, ಇಪ್ಪತ್ತಲ್ಲ. ದೊಡ್ಡಮ್ಮ ಮೊದಮೊದಲು ಬೈದರು, ಆಮೇಲೆ ಕಲಿತರು, ಕೊನೆಗೆ ಹಾಲಿನವನ ಹತ್ತಿರವೂ ಒಕಟಿ, ರೆಂಡು, ಮೂಡು ಎಂದು ತೆಲುಗಿನಲ್ಲೇ ಎಣಿಸತೊಡಗಿದರು. ಆ ದನಿಗೆ 'ಮೇಷ್ಟ್ರು' ಎಂದು ಹೆಸರಿಟ್ಟು, ಸುದ್ದಿ ಸುದ್ದಿಗೂ ಅದರೊಡನೆ ಜಗಳವಾಡುವುದು ಅವರ ಬೆಳಗಿನ ವ್ಯಾಯಾಮ.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವನು ನಾನು. ಹಳೆಯ ಕಂಪ್ಯೂಟರನ್ನು ಯಾರಿಗೋ ಕೊಟ್ಟು ಹೊಸದು ತಂದೆ. ಅದರಲ್ಲಿ ಪೈಥಾನಿನ ಆವೃತ್ತಿಯೂ ಹೊಸದು. ಮೇಷ್ಟ್ರ ಬಾಯಿ ಕಟ್ಟಿಹೋಯಿತು. ಪೈಥಾನಿನಲ್ಲಿ ಬರೆದದ್ದೆಲ್ಲ ಓಡಿತು. ಕಂಪೈಲ್ ಆದ ಭಾಗ ಮಾತ್ರ ಹಳೆಯ ಆವೃತ್ತಿಯ ಅಳತೆಗೆ ಕತ್ತರಿಸಿದ ರಬ್ಬರು, ಹೊಸದರಲ್ಲಿ ಕೂರಲಿಲ್ಲ. ಎಲ್ಲಿಂದಲೋ ಸಿದ್ಧವಾಗಿ ಸಿಗುವ ಹೆಂಗಸಿನ ದನಿಯೊಂದನ್ನು ಹಾಕಿಕೊಟ್ಟೆ. ಬಲು ಶುದ್ಧ ಉಚ್ಚಾರ. ದೊಡ್ಡಮ್ಮ ಅರ್ಧ ಪುಟ ಕೇಳಿ ಆರಿಸಲು ಹೇಳಿದರು.

"ಇವಳ ಕೂಡೆ ಜಗಳ ಆಡಕ್ಕಾಗಕಿಲ್ಲ ಕಣ್ಲಾ. ಯಾರ ಮನೆಯೋಳೋ ಏನೋ."

ಮಾರನೆಯ ದಿನದಿಂದ ಪೇಪರೇ ಬೇಡವೆಂದರು. ಬೈಗುಳವಿಲ್ಲದೆ, ಗೋಡೆಗೆ ಮುಖ ಮಾಡಿ ಕಾಫಿ ಕುಡಿಯುವ ದೊಡ್ಡಮ್ಮನನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಪಾವಗಡದ ಬಸ್ಸು ಹತ್ತಿದೆ. ತಿಪ್ಪೇಸ್ವಾಮಿಯ ಬಳಿ ಮೂಲ ಬರಹ ಭದ್ರವಾಗಿತ್ತು. ಹೊಸ ಆವೃತ್ತಿಗೆ ಮತ್ತೆ ಕಂಪೈಲ್ ಮಾಡಿದರೆ ಮುಗಿಯಿತು, ಟೀ ಕುಡಿಯುವಷ್ಟು ಹೊತ್ತಿನ ಕೆಲಸ ಎಂದು ನಕ್ಕ. ಆದರೆ ಆ ತೆಲುಗು ಅಂಕಿಗಳು ಅವನಿಗೆ ಬಹಳ ದಿನದ ನಾಚಿಕೆ. ಗಂಟಲು ಸರಿಮಾಡಿಕೊಂಡು ಎಲ್ಲವನ್ನೂ ಅಚ್ಚಗನ್ನಡದಲ್ಲಿ ಹೊಸದಾಗಿ ಹೇಳಿ ಸೇರಿಸಿದ. ನಾನೂ ಮೆಚ್ಚಿ ತಲೆಯಾಡಿಸಿದೆ.

ಮೇಷ್ಟ್ರು ಬಾಯಿ ತೆರೆದೊಡನೆ ದೊಡ್ಡಮ್ಮನ ಮುಖ ಅರಳಿತು. ಟೊಮೆಟೊ ಬೆಲೆ ಬಂತು. ಇಪ್ಪತ್ತು ಎಂದರು ಮೇಷ್ಟ್ರು. ದೊಡ್ಡಮ್ಮ ಲೋಟ ಕೆಳಗಿಟ್ಟರು.

"ಮೇಷ್ಟ್ರಿಗೆ ಮೈಯಾಗೆ ಉಷಾರಿಲ್ವೇನ್ಲಾ?"

ಅದನ್ನು ಹಾಗೆಯೇ ಫೋನಿನಲ್ಲಿ ತಿಳಿಸಿದೆ. ತಿಪ್ಪೇಸ್ವಾಮಿ ಅದನ್ನೇ ಇನ್ನೊಮ್ಮೆ ಹೇಳಿಸಿ ಕೇಳಿದ. ಆಮೇಲೆ, "ಸರೇ, ತಪ್ಪೂ ಸೇರಿಸೇ ಕಂಪೈಲ್ ಮಾಡ್ತೀನಿ ಬುಡು" ಎಂದ.

ಈಗ ಹಳೆಯ ರಬ್ಬರನ್ನೇ ಫ್ರಿಜ್ಜಿನಲ್ಲಿಟ್ಟು ಬಿಗಿ ಮಾಡಿ ಹಾಕಿದ್ದೇನೆ. ಕುಕ್ಕರ್ ಕೂಗುತ್ತಿದೆ. ನಡುಮನೆಯಲ್ಲಿ ಮೇಷ್ಟ್ರು ಮಳೆಯ ಸುದ್ದಿ ಓದುತ್ತಿದ್ದಾರೆ, ಅದರ ಮೇಲೆ ದೊಡ್ಡಮ್ಮನ ತಕರಾರು ಕೇಳುತ್ತಿದೆ. ನಡುವೆ ನನ್ನನ್ನೂ ಕೂಗಿ, ಎಷ್ಟು ಸೀಟಿ ಆಯ್ತು ಎಂದು ಕೇಳಿದರು.

"ಮೂಡು, ದೊಡ್ಡಮ್ಮ" ಎಂದೆ. ಹೇಳಿ ಒಲೆ ಆರಿಸಿದ ಮೇಲೆಯೇ ನನಗೆ ಅದು ಗೊತ್ತಾದದ್ದು.