ಸಿಂಚನಾಳ ಕಿವಿಯಲ್ಲಿ ನಾನು ಹೇಳಿದ್ದು

ಎಂಟು ವರ್ಷದ ಹುಡುಗಿಗೆ ಸುಳ್ಳು ಹೇಳಿ, ಅವಳನ್ನು ಹೆತ್ತ ತಾಯಿಯಿಂದ ದೂರ ಮಾಡಿದವಳು ನಾನು. ಇಷ್ಟು ವರ್ಷ ಇದು ನನ್ನ ತಮ್ಮ ಮಹೇಶನಿಗೂ ಗೊತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಗುಬ್ಬಿ ಬಿಟ್ಟು ತುಮಕೂರಿನ ತಮ್ಮನ ಮನೆ ಸೇರಿದ್ದೆ. ನನಗೆ ಮಕ್ಕಳಿಲ್ಲ. ತಮ್ಮನ ಮಗಳು ಸಿಂಚನಾ ನನ್ನ ಪಕ್ಕದಲ್ಲೇ ಮಲಗಿ ಬೆಳೆದವಳು. ಮಹೇಶನಿಗೂ ಹೆಂಡತಿ ರತ್ನಳಿಗೂ ಹೊಂದಲಿಲ್ಲ. ವಿಚ್ಛೇದನಕ್ಕೆ ಇಬ್ಬರೂ ಒಪ್ಪಿದ್ದರು. ಜಗಳ ಉಳಿದದ್ದು ಮಗು ಯಾರ ಹತ್ತಿರ ಇರಬೇಕು ಎಂಬುದಕ್ಕೆ. ರತ್ನ ಕುಣಿಗಲ್ಲಿನ ತವರಿಗೆ ಹೋಗಿ ಹೊಲಿಗೆ ಹಿಡಿದಿದ್ದಳು. ತಾಯಿಗೇ ಸಿಗಬಹುದು, ಆದರೆ ಜಡ್ಜ್ ಮಗುವನ್ನೂ ಕರೆದು ಕೇಳುತ್ತಾರೆ ಎಂದರು ನಮ್ಮ ವಕೀಲರು. ಅಷ್ಟು ಸಾಕಾಯಿತು ನನಗೆ...

ಕೋರ್ಟಿಗೆ ಹೊರಟ ಬೆಳಿಗ್ಗೆ ಜಡೆ ಹಾಕುತ್ತಾ ಹೇಳಿದೆ: "ನಿಮ್ಮಮ್ಮ ಬೇರೆ ಮದ್ವೆ ಆಗ್ತಾಳಂತೆ ಕಣೇ. ನೀನ್ ಬೇಡ್ವಂತೆ. ಕರ್ಕೊಂಡೋಗಿ ಹಾಸ್ಟೆಲಿಗೆ ಹಾಕ್ತಾಳೆ."

ಮಗು ಅಳಲಿಲ್ಲ. "ಅಮ್ಮಂಗೆ ನಾನ್ ಬೇಡ್ವಾ ಅತ್ತೆ?" ಎಂದಿತು. ನಾನು ರಿಬ್ಬನ್ ಕಟ್ಟಿದೆ.

ಜಡ್ಜ್ ಕೋಣೆಯಿಂದ ಹೊರಬಂದವಳ ಕಡೆಗೆ ರತ್ನ ಕೈ ಚಾಚಿದಳು. ಮಗು ನನ್ನ ಸೆರಗಿನ ಹಿಂದೆ ಸೇರಿಕೊಂಡಿತು. ಆಗ ರತ್ನಳ ಮುಖ — ಬೇಡ, ಬರೆಯಲಾರೆ. ನನಗೆ ಸಂತೋಷವೇ ಆಗಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಮಗು ತಮ್ಮನ ಪಾಲಾಯಿತು. ಭಾನುವಾರ ಬಂದು ನೋಡಲು ರತ್ನಳಿಗೆ ಅನುಮತಿಯಿತ್ತು. ಬರುತ್ತಿದ್ದಳು, ಸಿಂಚನಾ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಮ್ಮೆ ರತ್ನ ನನ್ನ ಕೈ ಹಿಡಿದು, "ನಾನೇನ್ ತಪ್ಪು ಮಾಡ್ದೆ ಹೇಳಿ ಅತ್ತಿಗೆ, ತಿದ್ಕೊತೀನಿ" ಎಂದಳು.

"ಮಕ್ಕಳ ಮನಸ್ಸು, ನಾವೇನ್ ಮಾಡಕ್ಕಾಗುತ್ತೆ" ಎಂದುಬಿಟ್ಟೆ. ಬರಬರುತ್ತಾ ಅವಳು ಬರುವುದೇ ನಿಂತಿತು. ಮಕ್ಕಳ ವಿಚಾರದ ಆದೇಶವೇ ಕೊನೆಯಲ್ಲ, ಮುಂದೆಯೂ ಬದಲಾಯಿಸಲು ಕೇಳಬಹುದು ಎಂದು ವಕೀಲರು ಹೇಳಿದ್ದು ನನಗೆ ನೆನಪಿತ್ತು. ಹುಡುಗಿಗೆ ಹದಿನೆಂಟು ತುಂಬುವುದರೊಳಗೆ ನಾನೊಂದು ಮಾತು ಬಾಯಿಬಿಟ್ಟಿದ್ದರೆ — ಬಿಡಲಿಲ್ಲ.

ಈಚೆಗೆ ಸಂಬಂಧ ಬಂದಾಗ ಸಿಂಚನಾ, "ಮದ್ವೆ ಬೇಡ ಅತ್ತೆ" ಎಂದಳು. "ಮಗು ಹುಟ್ಟಿ, ಅಮ್ಮನ್ ಥರ ನಂಗೂ ಅದು ಬೇಡ ಅನ್ನಿಸ್ಬಿಟ್ರೆ?"

ಕೋರ್ಟಿಗೆ ಹೊರಟ ದಿನ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವಳು ಮರುದಿನವೇ ಕುಣಿಗಲ್ ಬಸ್ ಹತ್ತಿದಳು. ಹಿಂದೆಯೇ ನಾನೂ ಹತ್ತಿದೆ.

ರತ್ನ ಹೊಲಿಗೆ ಮಿಷನ್ ಮುಂದೆ ಕೂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನಾನು ಬೀದಿಯಲ್ಲೇ ನಿಂತೆ. ಬಾಗಿಲಿಗೆ ಬಂದ ಸಿಂಚನಾಳನ್ನು ನೋಡಿ ಅವಳು ನಗುತ್ತಾ, "ಬನ್ನಿ, ಕೂತ್ಕೊಳ್ಳಿ. ಬ್ಲೌಸ್ ಹೊಲಿಬೇಕಿತ್ತಾ?" ಎಂದಳು.

ಸಿಂಚನಾ ಒಳಗೆ ಹೋಗಿ ಅವಳ ಮುಂದೆ ನಿಂತಳು. ರತ್ನ ಟೇಪು ಹಿಡಿದು ಅವಳ ಭುಜದ ಅಳತೆ ತೆಗೆಯತೊಡಗಿದಳು. ನನ್ನಿಂದ ಆಗಲಿಲ್ಲ — ಒಳಗೆ ಹೋಗಿ ಹೇಳಿದೆ, ಇವಳು ಯಾರೆಂದು, ಅಂದು ನಾನು ಮಾಡಿದ್ದೇನೆಂದು.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ... ರತ್ನ ಮಗಳ ಮುಖವನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು: "ನನ್ ಮಗೂಗೇ 'ಬನ್ನಿ' ಅಂದ್ಬಿಟ್ನಲ್ಲ ಅತ್ತಿಗೆ."

ಒಬ್ಬಳೇ ತುಮಕೂರಿಗೆ ಹಿಂತಿರುಗಿದೆ. ಕ್ಷಮೆ ಕೇಳಲಿಲ್ಲ. ಕೇಳುವುದೂ ಇಲ್ಲ.